ಅತ್ತೆಯ ಓರೆಹಲ್ಲು

ನಾನು ಹಲ್ಲು ಮಾಡುವವಳು. ಹಲ್ಲು ಕೀಳುವವರು ಬೇರೆ, ಅವರಿಗೆ ಡಾಕ್ಟರು ಅನ್ನುತ್ತಾರೆ, ಹೊರಗಿನ ಬೋರ್ಡಿನಲ್ಲಿ ಅವರ ಹೆಸರಿರುತ್ತದೆ. ಅವರು ಕಿತ್ತು ಖಾಲಿ ಮಾಡಿದ ಬಾಯಿಗೆ, ಹಿಂದಿನ ಕೋಣೆಯಲ್ಲಿ ಕೂತು, ಗಾರೆಯ ಅಚ್ಚಿನ ಮೇಲೆ ಮೇಣ ಮೆತ್ತಿ, ಒಂದೊಂದೇ ಹಲ್ಲು ಕೂರಿಸಿ, ತಿಕ್ಕಿ ತೀಡಿ ಹೊಳಪು ಕೊಡುವವಳು ನಾನು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎಷ್ಟೋ ಜನ ನನ್ನ ಹಲ್ಲಿನಲ್ಲಿ ನಗುತ್ತಾರೆ, ನನ್ನ ಹಲ್ಲಿನಲ್ಲೇ ಹೆಂಡತಿಯ ಮೇಲೆ ಹಲ್ಲು ಕಡಿಯುತ್ತಾರೆ. ನನ್ನ ಮುಖ ಅವರು ನೋಡಿಲ್ಲ. ನೋಡದಿದ್ದರೆ ಬೇಡ, ನನ್ನ ಗಂಟೇನೂ ಹೋಗುವುದಿಲ್ಲ.

ಆದರೆ ಆ ಸಂಜೆ, ನಾಲ್ಕೇ ಟೇಬಲ್ಲಿನ ಆ ಬರ್ಮಾ ಹೋಟೆಲಿನಲ್ಲಿ, ನಾನು ಮಾಡಿದ ಒಂದು ಸೆಟ್ಟಿನ ಮೇಲೆ ನಮ್ಮ ಅತ್ತೆ ಇನ್ನು ಮುಂದೆ ಎಲ್ಲಿ ಬದುಕಬೇಕು ಅನ್ನುವುದು ನಿಂತಿತ್ತು. ಹಾಗಂತ ನಾನೂ ಅಣ್ಣನೂ ತೀರ್ಮಾನಿಸಿದ್ದೆವು.

ಅತ್ತೆ ಅಂದರೆ ಗಂಡನ ತಾಯಿಯಲ್ಲ. ಗಂಡನೇ ಇಲ್ಲದವಳಿಗೆ ಆ ಅತ್ತೆ ಎಲ್ಲಿಂದ ಬರಬೇಕು? ಅಪ್ಪನ ಅಕ್ಕ, ಸೋದರತ್ತೆ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ನನ್ನನ್ನೂ ಅಣ್ಣನನ್ನೂ ಸಾಕಿದವಳು. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಒಂದು ದಿನ ಡ್ರೈವರು ಗಕ್ಕನೆ ಬ್ರೇಕ್ ಒತ್ತಿದಾಗ ಅವಳ ಬಾಯಿ ಹೋಗಿ ಕಬ್ಬಿಣದ ಕಂಬಕ್ಕೆ ಬಡಿದು, ಮೇಲಿನ ಸಾಲಿನ ಮುಂದಿನ ಹಲ್ಲೊಂದು ಹೊರಳಿ ಓರೆಯಾಯಿತು. ಕೀಳಿಸಿ ಬೇರೆ ಹಾಕಿಸಿಕೋ ಅಂದವರಿಗೆ ಅವಳು ಹೇಳಿದ್ದು ಇಷ್ಟೆ: "ಅದೇನು ಬಿದ್ದಿದೆಯಾ? ಸ್ವಲ್ಪ ತಿರುಗಿ ನಿಂತಿದೆ ಅಷ್ಟೆ. ಇರಲಿ ಬಿಡಿ." ಅಂದಿನಿಂದ ಆ ರೂಟಿನಲ್ಲಿ ಅವಳ ಹೆಸರು ಓರೆಹಲ್ಲು. ಟಿಕೆಟ್ ಇಲ್ಲದೆ ಹತ್ತಿದ ಕಾಲೇಜು ಹುಡುಗರು ಅವಳು ನಕ್ಕರೆ ಸಾಕು, ಮುಂದಿನ ಸ್ಟಾಪಿನಲ್ಲಿ ಬಾಲ ಮುದುರಿಕೊಂಡು ಇಳಿಯುತ್ತಿದ್ದರು.

ಎರಡು ವರ್ಷದ ಹಿಂದೆ ವಸಡಿನ ರೋಗ ಬಂದು ಅವಳ ಹಲ್ಲೆಲ್ಲ ಹೋದವು. ಓರೆಯೂ ಹೋಯಿತು, ನೆಟ್ಟಗಿದ್ದವೂ ಹೋದವು. ನಾನು ಕಸುಬುದಾರಳಲ್ಲವೇ, ಎದೆ ಉಬ್ಬಿಸಿಕೊಂಡು ಅವಳಿಗೊಂದು ಸೆಟ್ಟು ಮಾಡಿದೆ. ಟ್ರೇಯಲ್ಲಿದ್ದ ಅತಿ ಚೆಂದದ ಹಲ್ಲುಗಳನ್ನು ಆರಿಸಿ, ದಾರ ಹಿಡಿದ ಹಾಗೆ ಸಾಲಾಗಿ ಕೂರಿಸಿದೆ. ಅದನ್ನು ಹಾಕಿಕೊಂಡು ಕನ್ನಡಿ ನೋಡಿದ ಅತ್ತೆ ಕೇಳಿದ್ದು, "ಯಾರೇ ಇವಳು?" ಮರುದಿನ ಸೆಟ್ಟು ನೀರಿನ ಲೋಟಕ್ಕೆ ಹೋಯಿತು. ಅಂದಿನಿಂದ ಅಲ್ಲೇ ಇತ್ತು. ನಾನು ಗದರಿಸಿದೆ, ಬೇಡಿಕೊಂಡೆ, ಮಾತು ಬಿಟ್ಟೆ. ಇಪ್ಪತ್ತಾರು ವರ್ಷ ಬಾಯಿಯನ್ನೇ ನೋಡಿದವಳಿಗೆ ಮನೆಯ ಬಾಯಿಯೊಂದು ಅರ್ಥವಾಗಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅತ್ತೆ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಳು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಳು. ಗಂಜಿ, ಹಾಲು, ಮತ್ತೆ ಗಂಜಿ. ಬಸ್ಸಿನ ಎಪ್ಪತ್ತು ಜನರ ಮಧ್ಯೆ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಹೋಗುತ್ತಿದ್ದವಳು ನೋಡುನೋಡುತ್ತಾ ಕಡ್ಡಿಯಾದಳು. ಹೋದ ತಿಂಗಳು ನಾನು ಕೆಲಸದಲ್ಲಿದ್ದಾಗ ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಬಿದ್ದಳು.

ಆಗ ಅಣ್ಣ ಫಾರಂ ತಂದ. ಅಣ್ಣ ವಿಮಾ ಕಚೇರಿಯಲ್ಲಿ ಮ್ಯಾನೇಜರು. ಅವನಿಗೆ ಸೀನು ಬಂದರೂ ಒಂದು ಫಾರಂ ಬೇಕು. ಊರಾಚೆ ಒಂದು ಆಶ್ರಮ ನೋಡಿಟ್ಟಿದ್ದ. ನರ್ಸು, ಹಾಸಿಗೆ, ದಿನಕ್ಕೆ ನಾಲ್ಕು ಸಲ ಅರೆದ ಊಟ. ಅತ್ತೆಯ ಸಹಿ ಬಿದ್ದರೆ ಆಯಿತು.

"ನೀನು ಬೆಳಗಿನಿಂದ ಸಂಜೆವರೆಗೆ ಇರಲ್ಲ. ಅವಳು ಗಂಜಿ ಕುಡಿದ್ಲೋ ಚೆಲ್ಲಿದ್ಲೋ ನೋಡೋರು ಯಾರು? ಇನ್ನೊಂದು ಸಲ ಬಿದ್ರೆ?" ಅಂದ ಅಣ್ಣ. ಅವನು ಕೆಟ್ಟವನಲ್ಲ. ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದು ಬಾಗಿಲು ಹಾಕಬಹುದಿತ್ತು.

"ಅವಳಿಗೆ ಅರೆದ ಊಟ ಬೇಡ, ಹಲ್ಲು ಬೇಕು," ಅಂದೆ.

"ಮಾಡಿದ್ಯಲ್ಲ? ಲೋಟದಲ್ಲಿ ಈಜ್ತಾ ಇದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

ಮೈ ಉರಿದುಹೋಯಿತು. ಆ ಗಾದೆ ಕಟ್ಟಿದವರ ಓಣಿಯಲ್ಲಿ ನನ್ನಂಥವಳೊಬ್ಬಳು ಇರಲಿಲ್ಲ, ಅದಕ್ಕೇ ಕಟ್ಟಿದರು. "ಮೂರು ವಾರ ಕೊಡು," ಅಂದೆ. "ಮೂರೂ ಜನ ಹೊರಗೆ ಊಟಕ್ಕೆ ಹೋಗೋಣ. ಅವಳು ಗಟ್ಟಿ ಊಟ ತಿಂದು ಪ್ಲೇಟ್ ಖಾಲಿ ಮಾಡಿದ್ರೆ ನಿನ್ನ ಫಾರಂ ಹರಿದು ಹಾಕು. ಮಾಡದಿದ್ರೆ ನಾನೇ ಪೆನ್ನು ಕೊಡ್ತೀನಿ."

ಒಪ್ಪಿದ. ಅವಳ ಕೈಲಿ ಆಗುವುದಿಲ್ಲ ಅಂತ ಗೊತ್ತಿದ್ದೇ ಒಪ್ಪಿದ. ಅತ್ತೆಗೆ ನಾವಿಬ್ಬರೂ ಏನೂ ಹೇಳಲಿಲ್ಲ.

ಅದೇ ರಾತ್ರಿ ಲೋಟದಲ್ಲಿದ್ದ ಸೆಟ್ಟನ್ನು ನೋಡುತ್ತಾ ಕೂತಿದ್ದಾಗ ನನಗೆ ಬುದ್ಧಿ ಬಂತು. ಆ ಸಾಲಿನಲ್ಲಿ ಅತ್ತೆ ಎಲ್ಲಿದ್ದಾಳೆ? ಆ ಚೆಂದದ ಹಲ್ಲು ಯಾರ ಬಾಯಿಗಾದರೂ ಸಲ್ಲುತ್ತಿತ್ತು, ಅದಕ್ಕೇ ಅವಳ ಬಾಯಿಗೆ ಸಲ್ಲಲಿಲ್ಲ. ಮರುದಿನದಿಂದ ಊಟದ ಬಿಡುವಿನಲ್ಲಿ ಹೊಸ ಸೆಟ್ಟಿಗೆ ಕೂತೆ. ಸ್ವಲ್ಪ ಹಳದಿ ಬಣ್ಣದ ಹಲ್ಲು ಆರಿಸಿದೆ. ಅತ್ತೆಯ ಹಳೆಯ ಬಸ್ ಡಿಪೋ ಗುರುತಿನ ಚೀಟಿಯ ಫೋಟೋವನ್ನು ಎದುರಿಗೆ ಅಂಟಿಸಿ, ಮೇಣದಲ್ಲಿ ಆ ಒಂದು ಹಲ್ಲನ್ನು ಹೊರಳಿಸಿ ನಿಲ್ಲಿಸಿದೆ. ಹಾದುಹೋಗುತ್ತಿದ್ದ ಡಾಕ್ಟರು ಬಗ್ಗಿ ನೋಡಿದರು.

"ಏನಿದು, ಡೊಂಕಾಗಿದೆ? ತೆಗೆದು ಸರಿಯಾಗಿ ಕೂರಿಸಿ."

"ಸರಿಯಾಗೇ ಕೂತಿದೆ ಸಾರ್," ಅಂದೆ.

ಒಂದು ವಿಷಯದಲ್ಲಿ ಮಾತ್ರ ಕಳ್ಳತನ ಮಾಡಿದೆ. ಬಾಯಿಯ ಹೊಸ ಅಚ್ಚು ತೆಗೆಯಬೇಕಿತ್ತು, ಅದನ್ನು ತೆಗೆಯಬೇಕಾದವರು ಡಾಕ್ಟರು, ಡೊಂಕು ಹಲ್ಲಿಗೆ ಅವರು ಒಪ್ಪುವವರಲ್ಲ. ಹಾಗಾಗಿ ಹಳೆಯ ಅಚ್ಚಿನ ಮೇಲೇ ಮಾಡಿದೆ. ಎರಡು ವರ್ಷದಲ್ಲಿ ವಸಡು ಇಳಿದಿರುತ್ತದೆ, ಎಲ್ಲೋ ಒಂದು ಕಡೆ ಒತ್ತುತ್ತದೆ ಅಂತ ಗೊತ್ತಿತ್ತು. ಒತ್ತದಿರಲಿ ದೇವರೇ ಅಂದುಕೊಂಡು, ಅನುಮಾನಕ್ಕೆ ಇರಲಿ ಅಂತ ಸಣ್ಣ ಕೆರೆಯುವ ಚಾಕು ಮತ್ತು ಮರಳುಕಾಗದದ ಚೂರನ್ನು ಕೈಚೀಲಕ್ಕೆ ಹಾಕಿಕೊಂಡೆ.

ಹೊರಡುವ ಮುಂಚೆ ಅತ್ತೆ ಹೊಸ ಸೆಟ್ಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ನಾನು ಬಾಗಿಲಿನ ಹಿಂದಿನಿಂದ ನೋಡುತ್ತಿದ್ದೆ. ನಾಲಿಗೆಯಿಂದ ಓರೆಹಲ್ಲನ್ನು ಮುಟ್ಟಿ ನೋಡಿಕೊಂಡಳು. "ಎಲ್ಲೇ ಹೋಗಿದ್ದೆ ಇಷ್ಟು ದಿನ?" ಅಂದಳು. ನನಗಲ್ಲ, ಹಲ್ಲಿಗೆ. ಆದರೂ ಮೆಟ್ಟಿಲಿಳಿಯುವಾಗ ಕರವಸ್ತ್ರ ಬಾಯಿಗೆ ಬಂತು.

ಆ ಹೋಟೆಲು ಅವಳ ಬಸ್ಸಿನ ಕೊನೆಯ ಸ್ಟಾಪಿನ ಎದುರಿಗೇ ಇದೆ. ಒಂದು ಕಡೆ ಬೀಗ ರಿಪೇರಿ ಅಂಗಡಿ, ಇನ್ನೊಂದು ಕಡೆ ಲಾಂಡ್ರಿ, ನಡುವೆ ಒಂದು ಬಾಗಿಲು, ಅಷ್ಟೇ ಹೋಟೆಲು. ಒಳಗೆ ಕಾಲು ಚಾಚಿದರೆ ಪಕ್ಕದವರ ಸಾರಿಗೆ ತಗಲುತ್ತದೆ. ಪ್ರತಿ ಟೇಬಲ್ಲಿನ ಮೇಲೂ ಒಂದು ಥರ್ಮಾಸು, ಅದರಲ್ಲಿ ಹಾಲಿಲ್ಲದ ಬಿಸಿ ಚಹಾ, ಎಷ್ಟು ಕುಡಿದರೂ ಪುಕ್ಕಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರ್ಮಾದ ದುಂಡು ಅಕ್ಷರ, ದೂರದಿಂದ ನೋಡಿದರೆ ನಮ್ಮ ಅಕ್ಷರದ ದಾಯಾದಿಗಳ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಒಂದೂ ಓದಲಾಗುವುದಿಲ್ಲ. ಡ್ಯೂಟಿಯಲ್ಲಿದ್ದಾಗ ಅತ್ತೆ ದಿನಾ ಇಲ್ಲೇ ಉಣ್ಣುತ್ತಿದ್ದಳು. ಕಂಡಕ್ಟರ್ ಸಂಬಳಕ್ಕೆ ಕೈಗೆಟುಕುತ್ತಿದ್ದದ್ದು ಇದೊಂದೇ.

"ಇದೇನಾ?" ಅಂದ ಅಣ್ಣ ಮೂಗು ಮುರಿದು. "ಒಳ್ಳೆ ಜಾಗಕ್ಕೆ ಹೋಗಬಹುದಿತ್ತಲ್ಲ, ನಾನೇ ಕೊಡ್ತಿದ್ದೆ."

"ಇದು ಒಳ್ಳೆ ಜಾಗಾನೇ, ಬಾ," ಅಂದೆ.

ಹೋಟೆಲಮ್ಮ ಗಲ್ಲಾದ ಹಿಂದಿನಿಂದ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅಯ್ಯೋ ಇಳಿದುಹೋಗಿದೀರಲ್ಲ, ಎಲ್ಲಿದ್ರಿ, ಏನಾಗಿತ್ತು, ಯಾವುದೂ ಇಲ್ಲ. "ನಿಮ್ಮ ಟೇಬಲ್ ಖಾಲಿ ಇದೆ. ಅದರ ಕಾಲು ಇನ್ನೂ ಅಲ್ಲಾಡ್ತಾನೇ ಇದೆ," ಅಂದಳು. ಆ ಮೂಲೆಯ ಟೇಬಲ್ಲಿನ ಕಾಲಿನ ಕೆಳಗೆ ಅತ್ತೆ ಹಿಂದೆ ದಿನಾ ಹಳೆಯ ಟಿಕೆಟ್ಟುಗಳನ್ನು ಮಡಚಿ ಇಡುತ್ತಿದ್ದಳಂತೆ.

ಕೂತೆವು. ಅಣ್ಣ ಫಾರಂ ಇದ್ದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡ. "ಅವರಿಗೆ ಬರೀ ಸೂಪ್ ಕೊಡಿ. ನೂಡಲ್ಸ್ ಬೇಡ," ಅಂದ.

"ಅವರಿಗೆ ಅವರೇ ಹೇಳ್ತಾರೆ," ಅಂದೆ ನಾನು.

ಅತ್ತೆ ಕರವಸ್ತ್ರದ ಹಿಂದಿನಿಂದ ಹೇಳಿದಳು, "ಚಹಾ ಎಲೆ."

ಅದು ಆ ಹೋಟೆಲಿನ ಹೆಸರುವಾಸಿ ತಿನಿಸು. ಮುಚ್ಚಳದ ಮರದ ಡಬ್ಬಿ, ಒಳಗೆ ಮನೆಮನೆ. ನಡುವಿನ ಮನೆಯಲ್ಲಿ ಹುಳಿ ಬರಿಸಿದ ಚಹಾ ಎಲೆ, ಸುತ್ತ ಹುರಿದ ಕಾಳು, ಕಡಲೆಬೀಜ, ಎಳ್ಳು, ಕರಿದ ಬೆಳ್ಳುಳ್ಳಿ. ಕೈಯಲ್ಲೇ ಬೇಕಾದ ಹಾಗೆ ಬೆರೆಸಿ ತಿನ್ನಬೇಕು. ಹಲ್ಲಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ನಮ್ಮ ಡಾಕ್ಟರೂ ಕೊಡಲಾರರು. ಅದರ ಜೊತೆಗೆ ಅನ್ನ, ನಮಗಿಬ್ಬರಿಗೆ ನೂಡಲ್ಸು. ಹೋಟೆಲಮ್ಮ ಡಬ್ಬಿ ತಂದಿಟ್ಟು ಮುಚ್ಚಳ ತೆಗೆದಳು.

"ನಮ್ಮ ಕಡೆ ಹಿಂದಿನ ಕಾಲದಲ್ಲಿ ವ್ಯಾಜ್ಯ ತೀರಿದ ಮೇಲೆ ಎರಡೂ ಕಡೆಯವರು ಇದನ್ನ ತಿಂತಿದ್ರು," ಅಂದಳು ಅಣ್ಣನಿಗೆ. "ತಿಂದ್ರು ಅಂದ್ರೆ ತೀರ್ಪು ಒಪ್ಪಿದ ಹಾಗೆ. ಆಮೇಲೆ ತಕರಾರು ಎತ್ತೋ ಹಾಗಿಲ್ಲ."

"ಸಹಿ ಬೇಡ್ವಾ?" ಅಂದ ಅಣ್ಣ.

"ಬಾಯಲ್ಲಿ ಹಾಕ್ಕೊಂಡ ಮೇಲೆ ಸಹಿ ಯಾಕೆ?" ಅಂದು ಅವಳು ಒಳಗೆ ಹೋದಳು.

ಅತ್ತೆ ಒಂದು ಚಿಟಿಕೆ ಬೆರೆಸಿದಳು. ಕರವಸ್ತ್ರದ ಮರೆಯಲ್ಲಿ ಬಾಯಿಗೆ ಹಾಕಿಕೊಂಡಳು. ಕಟುಂ ಅಂತ ಕಾಳು ಒಡೆದ ಸದ್ದು ನನ್ನ ಕಿವಿಗೆ ಬಿತ್ತು, ಎದೆ ತಣ್ಣಗಾಯಿತು. ಎರಡನೆಯ ಚಿಟಿಕೆ. ಮೂರನೆಯದು. ಅಣ್ಣ ನೂಡಲ್ಸು ಮರೆತು ನೋಡುತ್ತಿದ್ದ. ನಾಲ್ಕನೆಯದಕ್ಕೆ ಅತ್ತೆ ಮುಖ ಕಿವುಚಿದಳು. ಕಣ್ಣಲ್ಲಿ ನೀರು ಬಂತು. ಕೈ ಕೆನ್ನೆಗೆ ಹೋಯಿತು.

"ಎಡಗಡೆ," ಅಂದಳು. "ಚುಚ್ತಿದೆ ಕಣೇ."

ನನ್ನ ಕಳ್ಳತನ ಸಿಕ್ಕಿಬಿತ್ತು. ಹಳೆಯ ಅಚ್ಚು ಒತ್ತುತ್ತಿತ್ತು.

ಅಣ್ಣ ಮೆತ್ತಗೆ ಹೇಳಿದ, "ಸಾಕು ಬಿಡು. ಯಾಕೆ ಅವಳಿಗೆ ಹಿಂಸೆ? ಬಾ ಅತ್ತೆ, ಸೂಪ್ ಹೇಳ್ತೀನಿ." ಅವನ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ, ಕನಿಕರವಿತ್ತು. ಸೊಕ್ಕಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

"ಅತ್ತೆ, ತೆಗೆದು ಕೊಡು," ಅಂದೆ.

"ಇಲ್ಲೇನಾ? ಎಲ್ಲರ ಮುಂದೆ?"

"ಇಲ್ಲೇ."

ಅತ್ತೆ ಸುತ್ತ ನೋಡಿದಳು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಪೇಂಟರುಗಳು, ಆಚೆ ಒಬ್ಬ ನರ್ಸು, ಬಾಗಿಲ ಹತ್ತಿರ ಗಂಡ ಹೆಂಡತಿ. ಎರಡು ವರ್ಷದಿಂದ ಯಾವುದನ್ನು ಯಾರಿಗೂ ತೋರಿಸಬಾರದು ಅಂತ ಮನೆಯೊಳಗೆ ಕೂತಿದ್ದಳೋ ಅದನ್ನೇ ನಾನು ಕೇಳುತ್ತಿದ್ದೆ. ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಕರವಸ್ತ್ರವನ್ನು ಮಡಚಿ ಟೇಬಲ್ಲಿನ ಮೇಲಿಟ್ಟಳು. ಬಾಯಿಗೆ ಬೆರಳು ಹಾಕಿ ಕೆಳಗಿನ ಸೆಟ್ಟನ್ನೂ ಮೇಲಿನದನ್ನೂ ಎಳೆದು ನನ್ನ ಅಂಗೈಗೆ ಹಾಕಿದಳು.

ನಾನು ಕೈಚೀಲದಿಂದ ಲಿಪ್‌ಸ್ಟಿಕ್ ತೆಗೆದು, ಟೇಬಲ್ಲಿನ ಮೇಲಿದ್ದ ಹಲ್ಲುಕಡ್ಡಿಗೆ ಒಂದಿಷ್ಟು ಹಚ್ಚಿ, ಅವಳ ವಸಡಿನಲ್ಲಿ ಕೆಂಪಗೆ ತರಚಿದ ಜಾಗಕ್ಕೆ ತಗಲಿಸಿದೆ. ಸೆಟ್ಟನ್ನು ಮತ್ತೆ ಕೂರಿಸಿ ಒತ್ತಿ ತೆಗೆದೆ. ಎಲ್ಲಿ ಬಣ್ಣ ಅಂಟಿತೋ ಅಲ್ಲಿ ಕೆರೆಯಬೇಕು, ನಮ್ಮ ಕಸುಬಿನ ಹಳೆಯ ಉಪಾಯ. ಚಾಕು ತೆಗೆದು ಕೆರೆಯತೊಡಗಿದೆ. ಗುಲಾಬಿ ಪುಡಿ ನನ್ನ ಕರ್ಚೀಫಿನ ಮೇಲೆ ಉದುರಿತು.

"ಏನ್ ಮಾಡ್ತಿದೀಯಾ? ಜನ ನೋಡ್ತಿದಾರೆ! ಮಾನ ಮರ್ಯಾದೆ ಬೇಡ್ವಾ?" ಅಣ್ಣ ಪಿಸುಗುಟ್ಟಿದ.

"ನೋಡ್ಲಿ. ಬೂಟು ಹೊಲಿಯೋದನ್ನ ರಸ್ತೇಲಿ ನಿಂತು ನೋಡ್ತಾರೆ, ಇದನ್ನೂ ನೋಡ್ಲಿ. ಕೆಲಸ ಮಾಡೋಕೆ ನನಗೇನು ನಾಚಿಕೆ?"

ಪೇಂಟರುಗಳಲ್ಲಿ ಒಬ್ಬ ನಿಜವಾಗಿಯೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅತ್ತೆ ಅವನ ಕಡೆ ತಿರುಗಿದಳು. ಒಂದೂ ಹಲ್ಲಿಲ್ಲದ ಬಾಯಿಯನ್ನು ಕಿವಿಯವರೆಗೂ ತೆರೆದು ನಕ್ಕಳು.

"ಏನಪ್ಪಾ, ಟಿಕೆಟ್ ತಗೊಂಡಿದೀಯಾ? ಪುಕ್ಕಟೆ ನೋಡ್ತಾ ಇದೀಯಲ್ಲ!"

ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಆ ಗಂಟಲನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಇಡೀ ಹೋಟೆಲು ನಕ್ಕಿತು, ಪೇಂಟರು ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಕಣ್ಣು ಮಂಜಾಯಿತು, ಕೆರೆಯುವ ಚಾಕು ಹೆಬ್ಬೆರಳಿಗೆ ತಗಲಿತು. ಹೋಟೆಲಮ್ಮ ಯಾರೂ ಕೇಳದೆಯೇ ಒಂದು ಬಟ್ಟಲು ಬಿಸಿನೀರು ತಂದಿಟ್ಟಳು. ಸೆಟ್ಟನ್ನು ಮರಳುಕಾಗದದಲ್ಲಿ ಉಜ್ಜಿ, ತೊಳೆದು, ಕೊಟ್ಟೆ.

ಅತ್ತೆ ಹಾಕಿಕೊಂಡಳು. ಕಚ್ಚಿ ನೋಡಿದಳು. ಈ ಸಲ ಕರವಸ್ತ್ರ ಟೇಬಲ್ಲಿನ ಮೇಲೇ ಉಳಿಯಿತು. ಅವಳು ತಿಂದಳು ಅನ್ನುವುದಕ್ಕಿಂತ ಹಳೆಯ ಬಾಕಿ ತೀರಿಸಿಕೊಂಡಳು ಅನ್ನಬೇಕು. ನಿಧಾನ, ಎರಡೂ ಕಡೆ ಅಗಿದು, ನಡುನಡುವೆ ಚಹಾ ಕುಡಿದು, ಕಾಳು ಒಡೆದಾಗಲೆಲ್ಲ ಹುಬ್ಬು ಹಾರಿಸುತ್ತಾ. ಬೆಳ್ಳುಳ್ಳಿಯ ಮನೆ ಖಾಲಿಯಾಯಿತು. ಕಡಲೆಬೀಜದ ಮನೆ ಖಾಲಿಯಾಯಿತು. ಅರ್ಧ ಅನ್ನ ಹೋಯಿತು. ಆಮೇಲೆ ಅವಳು ಕೈ ಹಿಂದಕ್ಕೆ ತೆಗೆದಳು.

"ಹೊಟ್ಟೆ ತುಂಬ್ತು."

ಪ್ಲೇಟಿನಲ್ಲಿ ಇನ್ನೂ ಅನ್ನವಿತ್ತು. ಗಂಜಿ ಕುಡಿದು ಕುಡಿದು ಹೊಟ್ಟೆ ಗುಬ್ಬಿಯದಾಗಿಬಿಟ್ಟಿತ್ತು. ಅದನ್ನು ನಾನು ಲೆಕ್ಕ ಹಾಕಿರಲಿಲ್ಲ.

ಅಣ್ಣ ನನ್ನ ಮುಖ ನೋಡಿದ. "ಪ್ಲೇಟ್ ಖಾಲಿ ಆಗಿಲ್ಲ," ಅಂದ. "ಮಾತು ಅಂದ್ರೆ ಮಾತು."

"ಇಷ್ಟು ತಿಂದಿದಾಳೆ, ಸಾಲ್ದಾ?" ಅಂದೆ. "ಕಣ್ಣಿಲ್ವಾ ನಿನಗೆ?"

"ನೀನೇ ಹೇಳಿದ್ದು. ಖಾಲಿ ಆಗದಿದ್ರೆ ನಾನೇ ಪೆನ್ನು ಕೊಡ್ತೀನಿ ಅಂದಿದ್ದು ಯಾರು?"

"ಎಂಥಾ ಮಾತು? ಎಂಥಾ ಪೆನ್ನು?" ಅಂದಳು ಅತ್ತೆ.

ಅಣ್ಣನೇ ಬ್ಯಾಗಿನಿಂದ ಫಾರಂ ತೆಗೆದು ಹೇಳಿದ. ಆಶ್ರಮ, ನರ್ಸು, ಅರೆದ ಊಟ, ನಮ್ಮ ಪಂದ್ಯ, ಎಲ್ಲ. ಅತ್ತೆ ಕೇಳಿಸಿಕೊಂಡಳು. ಅವನನ್ನು ಬೈಯುತ್ತಾಳೆ ಅಂತ ಕಾದೆ. ಅವಳು ಮೊದಲು ತಿರುಗಿದ್ದು ನನ್ನ ಕಡೆಗೆ.

"ನೀನೂನಾ?" ಅಂದಳು. "ಅವನು ಸರಿ, ಹುಟ್ಟಿದಾಗಿಂದ ಹಾಗೇ. ನೀನು ಈ ಹಲ್ಲನ್ನ ನನಗೆ ಮಾಡಿದ್ಯೋ, ಇವನ ಮೇಲೆ ಗೆಲ್ಲೋಕೆ ಮಾಡಿದ್ಯೋ?"

ನಾಚಿಕೆಯಿಂದ ಕುಗ್ಗಿಹೋದೆ. ಯಾಕೆಂದರೆ ಎರಡೂ ನಿಜವಾಗಿತ್ತು.

"ನೀವಿಬ್ರೂ ಯಾರ್ರೋ ನನ್ನ ಮೇಲೆ ಪಂದ್ಯ ಕಟ್ಟೋಕೆ? ನಾನೇನು ಕುದುರೇನಾ? ಪ್ಲೇಟ್ ಖಾಲಿ ಮಾಡಿದ್ರೆ ಇಲ್ಲಿ, ಬಿಟ್ರೆ ಅಲ್ಲಿ! ನಿಮಗೆ ಮೂಗು ಒರೆಸಿದವಳು ನಾನು. ನಾನು ಎಲ್ಲಿ ಇಳೀಬೇಕು ಅಂತ ನಾನು ಹೇಳ್ತೀನಿ." ಅಣ್ಣನ ಕಡೆ ಕೈ ಚಾಚಿದಳು. "ಕೊಡು ಅದನ್ನ. ನನ್ನ ಸಹಿ ತಾನೇ ಬೇಕು?"

ಅಣ್ಣ ಫಾರಂ ಕೊಟ್ಟ. ಪೆನ್ನನ್ನೂ ಕೊಡಲು ಹೋದ. ಅವಳು ಪೆನ್ನನ್ನು ಪಕ್ಕಕ್ಕೆ ಸರಿಸಿ, ಕಾಗದವನ್ನು ಎರಡು ಮಡಿಕೆ ಮಾಡಿ, ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೈಯಲ್ಲಿದ್ದ ಬಲವೆಲ್ಲ ಹಾಕಿ ಕಚ್ಚಿದಳು. ಬಿಡಿಸಿ ಅಣ್ಣನ ಮುಂದೆ ಇಟ್ಟಳು.

"ತಗೋ. ಇದೇ ನನ್ನ ಸಹಿ."

ಅಣ್ಣ ಅದನ್ನು ಬಲ್ಬಿನ ಬೆಳಕಿಗೆ ಹಿಡಿದ. ದಿನಾ ಮೇಣದ ಮೇಲೆ ಕಚ್ಚಿದ ಗುರುತು ನೋಡುವವಳು ನಾನು, ನನಗೆ ಕೂತಲ್ಲಿಂದಲೇ ಕಂಡಿತು. ಮುಂದಿನ ಸಾಲಿನಲ್ಲಿ ಆರು ಗುರುತು. ಐದು ನೆಟ್ಟಗೆ, ಒಂದು ಓರೆ. ಅಣ್ಣ ಆ ಓರೆ ಗುರುತಿನ ಮೇಲೆ ಬೆರಳಿಟ್ಟ. ಚಿಕ್ಕವನಿದ್ದಾಗ ಅವಳ ತೊಡೆಯ ಮೇಲೆ ಕೂತು ಆ ಹಲ್ಲನ್ನು ಬೆರಳಿನಿಂದ ತಳ್ಳಿ ನೆಟ್ಟಗೆ ಮಾಡಲು ನೋಡುತ್ತಿದ್ದವನು ಅವನೇ. ಅದು ಅವನಿಗೂ ನೆನಪಾಯಿತು ಅಂತ ಕಾಣುತ್ತದೆ.

"ಮತ್ತೆ ಬಿದ್ರೆ ಏನ್ ಮಾಡ್ತೀಯ ಅತ್ತೆ?" ಅಂದ, ಚಿಕ್ಕ ಹುಡುಗನ ಹಾಗೆ.

"ಏಳ್ತೀನಿ. ಆಗದಿದ್ರೆ ಕೂಗ್ತೀನಿ. ನನ್ನ ಗಂಟಲು ನೋಡಿದ್ಯಲ್ಲ ಈಗ? ಭಾನುವಾರ ಭಾನುವಾರ ನೀನು ಬಾ, ಇಲ್ಲಿಗೆ ಕರ್ಕೊಂಡು ಬಾ. ಒಂದೊಂದು ತುತ್ತು ಜಾಸ್ತಿ ಮಾಡ್ತೀನಿ." ಮರದ ಡಬ್ಬಿಯನ್ನು ನಮ್ಮಿಬ್ಬರ ನಡುವೆ ತಳ್ಳಿದಳು. "ಈಗ ಇಬ್ರೂ ತಿನ್ನಿ. ಆ ಹೋಟೆಲಮ್ಮ ಹೇಳಿದ್ದು ಕೇಳಿಸ್ತಲ್ಲ?"

ನಾನು ಒಂದು ಚಿಟಿಕೆ ತೆಗೆದುಕೊಂಡೆ. ಎಲೆ ಕಹಿ, ಹುಳಿ, ಆಮೇಲೆ ಕಾಳಿನ ರುಚಿ. ಅಣ್ಣ ಫಾರಂ ಹಿಡಿದುಕೊಂಡೇ ಕೂತಿದ್ದ. ಅವನು ಮೊಣಕೈ ಊರಿದಾಗ ಟೇಬಲ್ಲು ಅಲ್ಲಾಡಿ ಚಹಾ ಚೆಲ್ಲಿತು. ಅವನು ಕಾಗದವನ್ನು ಮತ್ತೆ ಮಡಚಿದ, ಇನ್ನೊಮ್ಮೆ ಮಡಚಿದ, ಕುರ್ಚಿಯಿಂದಿಳಿದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ, ಅದನ್ನು ಟೇಬಲ್ಲಿನ ಕಾಲಿನ ಕೆಳಗೆ ತುರುಕಿದ. ಮೇಲೆದ್ದು ಕೂತು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ.

ಆಮೇಲೆ ಅವನು ಡಬ್ಬಿಗೆ ಕೈ ಹಾಕಿದ.